ಬಣ್ಣ ಬಳಿದ ಬ್ರೇಕು

ಚಿಕ್ಕಕ್ಕನಿಗೆ ಸಿಟ್ಟು ಬಂದರೆ ಮನೆಯಲ್ಲಿ ಮಾತು ನಿಂತು ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿನ ಡಬ್ಬಗಳೆಲ್ಲ ಕೆಳಗಿಳಿಯುತ್ತವೆ, ಬಚ್ಚಲಿನ ಗೋಡೆ ಬೆಳ್ಳಗಾಗುತ್ತದೆ, ಎಷ್ಟೋ ಕಾಲದಿಂದ ಕಿರುಗುಡುತ್ತಿದ್ದ ಬಾಗಿಲಿಗೆ ಎಣ್ಣೆ ಬೀಳುತ್ತದೆ. ಪಾತ್ರೆಗಳ ಸದ್ದು ಕೇಳಿಯೇ ಇವತ್ತು ಯಾರ ಗ್ರಹಚಾರ ನೆಟ್ಟಗಿಲ್ಲ ಎಂದು ನನ್ನ ಹೆಂಡತಿ ಹೇಳಿಬಿಡುತ್ತಾಳೆ. ಹೊರಗಿನವರಿಗೆ ಇದು ಗೊತ್ತಿಲ್ಲ. ಅವಳು ಬಾಯಿ ಇಲ್ಲದವಳು ಎಂದುಕೊಂಡು ಮೋಸಹೋಗುತ್ತಾರೆ.

ನಾವು ಮೂವರು: ದೊಡ್ಡಕ್ಕ, ಚಿಕ್ಕಕ್ಕ, ಕೊನೆಯವನು ನಾನು. ದೊಡ್ಡಕ್ಕನ ಗಂಡ, ಅಂದರೆ ನಮ್ಮ ಭಾವ, ಗ್ಯಾರೇಜು ಇಟ್ಟಿದ್ದಾರೆ. ಚಿಕ್ಕಕ್ಕನ ಮದುವೆ ವರ್ಷ ತುಂಬುವ ಮೊದಲೇ ಮುಗಿದುಹೋಯಿತು. ಒಂದು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಕೈ ಎತ್ತಿದ. ಬಂದೆ," ಎಂದಳು. ರಾಜಿ ಮಾಡಿಸಲು ಬಂದ ನೆಂಟರಿಷ್ಟರಿಗೆಲ್ಲ ಅಷ್ಟನ್ನೇ ಹೇಳಿದಳು. ಹೆಂಗಸರು ಸ್ವಲ್ಪ ಸೈರಿಸಿಕೊಳ್ಳಬೇಕು ಎಂದು ಒಬ್ಬರು ಉಪದೇಶ ಶುರುಮಾಡಿದಾಗ, ಅವರನ್ನು ಎಬ್ಬಿಸಿ ಬಾಗಿಲವರೆಗೆ ಬಿಟ್ಟುಬಂದವರು ಭಾವ. ಮಾರನೆಯ ದಿನವೇ ಚಿಕ್ಕಕ್ಕನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಸುಮ್ಮನೆ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ, ಬಂದು ನಟ್ಟು ಬೋಲ್ಟು ತೊಳಿ ಎಂದರು.

ತೊಳೆಯಲು ಹೋದವಳು ಬಿಚ್ಚಿ ಜೋಡಿಸುವುದನ್ನೂ ಕಲಿತಳು. ಅದರಲ್ಲೂ ಬ್ರೇಕಿನ ಕೆಲಸ ಅವಳ ಕೈಗೆ ಚೆನ್ನಾಗಿ ಹತ್ತಿತು. ಮುಂದಿನ ಚಕ್ರದ ಜೊತೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ. ಅದನ್ನು ಎರಡು ಬದಿಯಿಂದ ಕಚ್ಚಿ ಹಿಡಿಯುವ ಇಕ್ಕಳದಂಥ ಸಾಧನವೇ ಕ್ಯಾಲಿಪರ್. ಅದರೊಳಗೆ ಚಿಕ್ಕ ಲೋಟದಂಥ ಪಿಸ್ಟನ್ ಇರುತ್ತದೆ, ಅದರ ಸುತ್ತ ಆಯಿಲ್ ಸೋರದಂತೆ ಸೀಲು ಎಂಬ ರಬ್ಬರಿನ ಬಳೆ. ಕಾಲಲ್ಲಿ ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಆ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಇಕ್ಕಳ ಬಿಗಿಯುತ್ತದೆ, ಗಾಡಿ ನಿಲ್ಲುತ್ತದೆ. ಇದನ್ನೆಲ್ಲ ಅವಳಿಗೆ ತೋರಿಸಿಕೊಟ್ಟವರು ಭಾವ. ಗಾಡಿ ಓಡದಿದ್ದರೆ ಗಿರಾಕಿ ಬಂದು ಬೈಯುತ್ತಾನೆ, ನಿಲ್ಲದಿದ್ದರೆ ಬೈಯುವುದಕ್ಕೆ ಗಿರಾಕಿಯೇ ಇರುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಅವಳು ಜೋಡಿಸಿದ ಬ್ರೇಕನ್ನು ಬಂದವರಿಗೆಲ್ಲ ತೋರಿಸಿ, ನನ್ನ ನಾದಿನಿಯ ಕೆಲಸ ಎಂದು ಹೇಳಿಕೊಳ್ಳುತ್ತಿದ್ದರು.

ಕೆಲವು ವರ್ಷಗಳ ನಂತರ ಅವಳು ಒಂದು ಹಳೆಯ ವ್ಯಾನು ಕೊಂಡು ತಾನೇ ಓಡಿಸತೊಡಗಿದಳು. ಮೊದಮೊದಲು ಸಾಮಾನು ಸಾಗಿಸುತ್ತಿದ್ದಳು. ಆಮೇಲೆ ಕಿಡ್ನಿ ಕೆಟ್ಟವರನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು, ಡಯಾಲಿಸಿಸ್ ಮುಗಿದ ಮೇಲೆ ವಾಪಸು ಬಿಡುವ ಕೆಲಸ ಸಿಕ್ಕಿತು. ಆ ಜನ ಅವಳನ್ನು ಡ್ರೈವರಮ್ಮ ಎಂದು ಕರೆಯುತ್ತಿದ್ದರು. ಮೆಟ್ಟಿಲಿಳಿಯಲಾರದವರ ರಟ್ಟೆ ಹಿಡಿದು ಇಳಿಸುತ್ತಿದ್ದಳು, ತಡಮಾಡಿದವರಿಗೆ ಗದರುತ್ತಿದ್ದಳು. ಮುಂದಿನ ಸೀಟು ಮಾತ್ರ ಯಾವಾಗಲೂ ಅವರಲ್ಲೊಬ್ಬನಾದ ಟೇಲರ್‌ದು. ಆತ ಒಂಟಿ ಮನುಷ್ಯ, ಬಡಕಲು ಮೈ. ಸತ್ತವರನ್ನೂ ನಗಿಸುವ ಬಾಯಿ. ದಾರಿಯುದ್ದಕ್ಕೂ ರಸ್ತೆಯಲ್ಲಿ ಕಂಡವರ ಅಂಗಿಗಳಿಗೆಲ್ಲ ಹೆಸರಿಡುತ್ತಿದ್ದ. ಆ ಪೊಲೀಸಿನವನ ಪ್ಯಾಂಟು ಹೊಲಿದವನನ್ನು ಮೊದಲು ಒಳಗೆ ಹಾಕಬೇಕು ಎಂದರೆ ಹಿಂದೆ ಕೂತ ಇನ್ನೊಬ್ಬ ರೋಗಿ ಟೀಚರಮ್ಮ ಕೆಮ್ಮುವಷ್ಟು ನಗುತ್ತಿದ್ದರಂತೆ.

ಬ್ರೇಕ್ ಹಾಕಿದರೆ ವ್ಯಾನು ಎಡಕ್ಕೆ ಎಳೆಯುತ್ತಿದೆ ಎಂದು ಚಿಕ್ಕಕ್ಕನಿಗೆ ಗೊತ್ತಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ತಾನೇ ಬಿಚ್ಚಿ ನೋಡುತ್ತಿದ್ದಳೋ ಏನೋ, ಆದರೆ ರೋಗಿಗಳಿಂದಾಗಿ ಭಾನುವಾರ ಬಿಟ್ಟರೆ ಬಿಡುವಿರಲಿಲ್ಲ, ಅವತ್ತು ಬಿಡಿಭಾಗದ ಅಂಗಡಿಗಳು ತೆರೆದಿರುವುದಿಲ್ಲ. ಒಂದು ಭಾನುವಾರ ವ್ಯಾನನ್ನು ಭಾವನ ಗ್ಯಾರೇಜಿಗೆ ಬಿಟ್ಟಳು. ಬಲಗಡೆಯ ಕ್ಯಾಲಿಪರ್ ಜಾಮಾಗಿ ಬಿಗಿಯುತ್ತಿಲ್ಲ ಅನ್ನಿಸುತ್ತದೆ, ಪೂರಾ ಬಿಚ್ಚಿ ಹೊಸ ಸೀಲು ಹಾಕಿಕೊಡಿ ಎಂದಳು. ಸಂಜೆ ಭಾವ ಗಾಡಿ ತಂದುಕೊಟ್ಟರು. ಎಲ್ಲ ಹೊಸದು ಹಾಕಿದೀನಿ, ಇನ್ನು ಯೋಚನೆ ಬಿಡು ಎಂದರು. ಚಕ್ರದ ಸಂದಿಯಿಂದ ಕ್ಯಾಲಿಪರ್ ಬೆಳ್ಳಿಯ ಬಣ್ಣದಲ್ಲಿ ಹೊಳೆಯುತ್ತಿತ್ತು.

ಕೆಲವು ದಿನ ಕಳೆದ ಮೇಲೂ ಗಾಡಿ ಸ್ವಲ್ಪ ಎಡಕ್ಕೇ ವಾಲುತ್ತಿದೆ ಅನ್ನಿಸಿ ಅವಳು ಭಾವನಿಗೆ ಫೋನು ಮಾಡಿದಳು. ಟೈರಿನ ಗಾಳಿ ನೋಡು, ಹೊಸ ಬ್ರೇಕು ಕೂರುವುದಕ್ಕೆ ಸ್ವಲ್ಪ ಕಾಲ ಬೇಕು ಎಂದರು ಅವರು. ಅವಳು ಗಾಳಿ ತುಂಬಿಸಿ ಸುಮ್ಮನಾದಳು. ಹೇಳಿದವರು ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಒಂದು ಇಳಿಜಾರಿದೆ. ಅಲ್ಲಿ ಪಕ್ಕದ ಗಲ್ಲಿಯಿಂದ ಒಂದು ಬೈಕು ತಟಕ್ಕನೆ ಅಡ್ಡ ಬಂತು. ಚಿಕ್ಕಕ್ಕ ಬ್ರೇಕನ್ನು ಬಲವಾಗಿ ಒತ್ತಿದಳು. ಎಡಗಡೆಯ ಚಕ್ರ ಗಕ್ಕನೆ ನಿಂತಿತು, ಬಲಗಡೆಯದು ತಿರುಗುತ್ತಲೇ ಇತ್ತು. ವ್ಯಾನು ತಲೆ ತಿರುಗಿಸಿಕೊಂಡು ಫುಟ್‌ಪಾತ್ ಹತ್ತಿ ಕಂಬಕ್ಕೆ ತಾಗಿ ನಿಂತಿತು. ಬೈಕಿನವನು ಹಿಂದೆ ತಿರುಗಿಯೂ ನೋಡದೆ ಹೋದ. ಟೀಚರಮ್ಮನ ಕನ್ನಡಕ ಒಡೆದಿತ್ತು. ಟೇಲರ್ ಮುಂದಿನ ಕಬ್ಬಿಣದ ಹಿಡಿಗೆ ಎಡಗೈ ಬಡಿದುಕೊಂಡಿದ್ದ. ಏನೂ ಆಗಿಲ್ಲ ಬಿಡಿ ಡ್ರೈವರಮ್ಮ, ಕಂಬಕ್ಕೆ ಪೆಟ್ಟಾಯಿತೋ ನೋಡಿ ಎಂದು ನಕ್ಕನಂತೆ.

ಪೆಟ್ಟಾದದ್ದು ಅವನ ಜೀವಕ್ಕೇ ಆಧಾರವಾಗಿದ್ದ ಕೈಗೆ. ಡಯಾಲಿಸಿಸ್ ಮಾಡುವವರು ಮೊದಲೇ ಒಂದು ಆಪರೇಷನ್ ಮಾಡಿ ಕೈಯ ರಕ್ತನಾಳಗಳನ್ನು ಜೋಡಿಸಿರುತ್ತಾರೆ. ಸೂಜಿ ಚುಚ್ಚುವುದು ಅಲ್ಲೇ. ಚರ್ಮದ ಮೇಲೆ ಬೆರಳಿಟ್ಟರೆ ಒಳಗೆ ಜೇನುನೊಣ ಗುಂಯ್‌ಗುಟ್ಟಿದಂತೆ ರಕ್ತ ಹರಿಯುವುದು ತಿಳಿಯುತ್ತದೆ. ಅವತ್ತು ನರ್ಸು ಅಲ್ಲಿ ಬೆರಳಿಟ್ಟು, ಜಾಗ ಬದಲಿಸಿ ಮತ್ತೆ ಇಟ್ಟು, ಡಾಕ್ಟರನ್ನು ಕರೆಯಲು ಓಡಿದಳು. ರಕ್ತ ಹೆಪ್ಪುಗಟ್ಟಿತ್ತು. ಅದನ್ನು ತೆಗೆಯಲು ಡಾಕ್ಟರು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ಕೊನೆಗೆ ಕುತ್ತಿಗೆಯಲ್ಲಿ ಒಂದು ನಳಿಕೆ ಕೂರಿಸಿ ಅದರಿಂದಲೇ ಡಯಾಲಿಸಿಸ್ ಶುರುಮಾಡಿದರು.

ಮಾರನೆಯ ದಿನ ವಾರ್ಡಿಗೆ ಹೋಗುವಾಗ ಚಿಕ್ಕಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಮಂಚದ ಪಕ್ಕ ನಿಂತೇ ಹೇಳಿದಳು. "ಗಾಡಿ ಎಡಕ್ಕೆ ಎಳೀತಿದ್ದದ್ದು ನಂಗೆ ಗೊತ್ತಿತ್ತು. ರಿಪೇರಿ ಆಗಿದೆ ಅಂದ್ರು, ನಂಬಿದೆ. ಬಿಚ್ಚಿ ನೋಡಬೇಕಿತ್ತು, ನೋಡ್ಲಿಲ್ಲ."

ಟೇಲರ್ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡು, "ಹೋಗ್ಲಿ ಬಿಡಿ, ಇನ್ನೊಂದು ಕೈ ಇದೆಯಲ್ಲ," ಎಂದ. "ಕಾಲರಿನ ಅಂಚಿಗೆ ಪೈಪಿಂಗ್ ಹೊಲಿಬೇಕು ಅಂತಿದ್ದೆ, ಅದೂ ಆಯ್ತು."

ನಾನು ನಕ್ಕೆ. ಚಿಕ್ಕಕ್ಕ ನಗಲಿಲ್ಲ. ಹೊರಗೆ ಬಂದವಳೇ ಅಷ್ಟುದ್ದದ ಕಾರಿಡಾರಿನಲ್ಲಿ ನನ್ನನ್ನು ಹಿಂದೆ ಬಿಟ್ಟು ದುಡುದುಡು ನಡೆದಳು. ಆ ಮನುಷ್ಯ ಒಂದು ಮಾತು ಬೈದಿದ್ದರೆ ಅವಳಿಗೆ ಸಮಾಧಾನ ಆಗುತ್ತಿತ್ತೋ ಏನೋ.

ವ್ಯಾನನ್ನು ಎಳೆತಂದವನು ಭಾವನ ಗ್ಯಾರೇಜಿನ ಕಡೆ ತಿರುಗಿಸುತ್ತೇನೆ ಎಂದಾಗ, ಬೇಡ, ಮನೆಗೆ ಎಂದಳು. ರೋಗಿಗಳಿಗೆ ಗುರುತಿನವರ ಬೇರೊಂದು ಗಾಡಿ ಗೊತ್ತುಮಾಡಿದಳು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಜಾಗದಲ್ಲಿ ಜಾಕು ಕೊಟ್ಟು, ಕೆಳಗೆ ಮರದ ತುಂಡುಗಳನ್ನಿಟ್ಟು, ಮುಂದಿನ ಎರಡೂ ಚಕ್ರ ಬಿಚ್ಚಿದಳು. ಎಡಗಡೆಯ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬ್ರೇಕು ಕಚ್ಚದೆ ಬಲಗಡೆಯ ತಟ್ಟೆಗೆ ತುಕ್ಕು ಹಿಡಿದಿತ್ತು. ಅದರ ಪಕ್ಕದಲ್ಲೇ ಆ ಬೆಳ್ಳಿಯ ಬಣ್ಣ.

ರಿಪೇರಿ ಮಾಡಿ ಆಮೇಲೆ ಬಣ್ಣ ಬಳಿದಿರಬಹುದು, ಮತ್ತೆ ಕೆಟ್ಟಿರಬಹುದು ಎಂದು ನಾನೆಂದೆ. ನೋಡೋಣ ಎಂದಳು ಚಿಕ್ಕಕ್ಕ. ಬೋಲ್ಟಿನ ತಲೆಯ ಮೇಲಿನ ಬಣ್ಣ ಸ್ಪ್ಯಾನರಿಗೆ ಸಿಪ್ಪೆಯಂತೆ ಎದ್ದುಬಂತು. ಅದರ ಕೆಳಗೆ ಹಳೆಯ ಕೆಸರು ಒಣಗಿ ಕಲ್ಲಾಗಿತ್ತು. ಕ್ಯಾಲಿಪರ್ ಜಾರಬೇಕಾದ ಪಿನ್ನುಗಳಲ್ಲಿ ಜಿಡ್ಡಿನ ಪಸೆಯೂ ಇರಲಿಲ್ಲ. ಪಿಸ್ಟನ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದಳು. ಆಮೇಲೆ ಬೀದಿಯ ಕೊನೆಯ ಪಂಕ್ಚರ್ ಅಂಗಡಿಗೆ ಕ್ಯಾಲಿಪರನ್ನು ಹೊತ್ತುಕೊಂಡು ಹೋಗಿ, ಎದುರಿಗೆ ಮರದ ತುಂಡು ಅಡ್ಡವಿಟ್ಟು, ಆಯಿಲ್ ಹೋಗುವ ತೂತಿಗೆ ಗಾಳಿ ಹೊಡೆಸಿದಳು. ಪಿಸ್ಟನ್ ಗುಂಡು ಹಾರಿದಂತೆ ಸದ್ದು ಮಾಡಿ ಹೊರಬಂತು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಪಿಸ್ಟನ್ನಿನ ಮೈಯೆಲ್ಲ ಸಿಡುಬಿನ ಕಲೆಯಂತೆ ತುಕ್ಕು ತಿಂದಿತ್ತು. ಧೂಳು ತಡೆಯುವ ರಬ್ಬರು ಹರಿದು ಒಳಗೆ ನೀರು ನುಗ್ಗಿತ್ತು. ಒಳಗಿನ ಸೀಲನ್ನು ಅವಳು ಕಡ್ಡಿಯಿಂದ ಮೀಟಿ ತೆಗೆದಾಗ ಅದು ಬಳೆಚೂರಿನಂತೆ ಎರಡು ತುಂಡಾಯಿತು. ಹೊಸ ಸೀಲು ಮೆತ್ತಗೆ ಬಳುಕುತ್ತದೆ. ಇದು ವರ್ಷಗಟ್ಟಲೆ ಹಳೆಯದು ಎಂದು ನನಗೂ ಗೊತ್ತಾಯಿತು. ಭಾವ ಈ ಕ್ಯಾಲಿಪರನ್ನು ಬಿಚ್ಚಿಯೇ ಇರಲಿಲ್ಲ.

ಚಿಕ್ಕಕ್ಕ ಆ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಪಂಕ್ಚರ್ ಅಂಗಡಿಯವನು ಯಾರು ಮಾಡಿದ ಕೆಲಸ ಇದು ಎಂದು ಕೇಳಿದ. "ನಂಗೆ ಕೆಲಸ ಕಲಿಸಿದವರು," ಎಂದಳು.

ಹಳೆಯ ಪಿಸ್ಟನ್ನಿನ ಫೋಟೋ ತೆಗೆದು ಅವಳು ದೊಡ್ಡಕ್ಕನಿಗೆ ಕಳಿಸಿದಳು. ಜೊತೆಗೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ದಿನವೆಲ್ಲ ಅಲ್ಲಿಂದ ಉತ್ತರ ಬರಲಿಲ್ಲ. ಮರುದಿನ ಹೊಸ ಪಿಸ್ಟನ್ನು, ಸೀಲಿನ ಕಿಟ್ಟು ತಂದು, ಚಿಕ್ಕಕ್ಕ ಹಿತ್ತಲಲ್ಲಿ ಹಳೆಯ ಬೆಡ್‌ಶೀಟು ಹಾಸಿಕೊಂಡು ಕೂತಿದ್ದಳು. ಕ್ಯಾಲಿಪರಿನ ಮೇಲಿನ ಬಣ್ಣವನ್ನೆಲ್ಲ ತಂತಿಯ ಬ್ರಷ್ಷಿನಿಂದ ಕೆರೆದು ತೆಗೆದಿದ್ದಳು. ಅದಕ್ಕೇ ಅರ್ಧ ಬೆಳಗು ಹೋಗಿತ್ತು. ಅಷ್ಟು ಕೆರೆಯುವ ಅಗತ್ಯ ಇರಲಿಲ್ಲ ಎಂದು ನನಗನ್ನಿಸಿತು, ಹೇಳುವ ಧೈರ್ಯ ಬರಲಿಲ್ಲ. ಪಿಸ್ಟನ್ ಕೂರುವ ಗೂಡನ್ನು ನುಣ್ಣನೆಯ ಎಮರಿ ಕಾಗದದಿಂದ ಹಗುರಾಗಿ ಉಜ್ಜಿ, ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಹೊಸ ಸೀಲನ್ನು ಅದೇ ಆಯಿಲ್‌ನಲ್ಲಿ ಅದ್ದಿ ಗೂಡಿನ ಒಳಗಿನ ಕಚ್ಚಿನಲ್ಲಿ ಬೆರಳಿನಿಂದ ಕೂರಿಸುತ್ತಿದ್ದಾಗ ಭಾವ, ದೊಡ್ಡಕ್ಕ ಇಬ್ಬರೂ ಬಂದರು.

ನನ್ನ ಹೆಂಡತಿ ಕುರ್ಚಿ ತಂದಿಟ್ಟಳು. ದೊಡ್ಡಕ್ಕ ಕೂತಳು, ಭಾವ ನಿಂತೇ ಇದ್ದರು. ದೊಡ್ಡಕ್ಕನೇ ಮಾತು ತೆಗೆದಳು. ಆದದ್ದು ಆಗಿಹೋಯಿತು, ಮನೆಯ ಮಾತು ಬೀದಿಗೆ ಬೀಳುವುದು ಬೇಡ, ಗಾಡಿಯನ್ನು ಗ್ಯಾರೇಜಿಗೆ ಕೊಡು, ಅವರೇ ನಿಂತು ಎಲ್ಲ ಸರಿಮಾಡಿಕೊಡುತ್ತಾರೆ ಎಂದಳು. ಚಿಕ್ಕಕ್ಕ ತಲೆ ಎತ್ತಲಿಲ್ಲ. ಹೊಸ ಪಿಸ್ಟನ್ನನ್ನು ಗೂಡಿನ ಬಾಯಿಗಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತತೊಡಗಿದಳು. ಅದು ಅರ್ಧದಲ್ಲಿ ನಿಂತಿತು. ಇನ್ನಷ್ಟು ಬಲ ಹಾಕಿದಳು.

"ಓರೆ ಹೋಗ್ತಿದೆ," ಎಂದರು ಭಾವ. ಬಾಯಿ ತಪ್ಪಿ ಬಂದ ಮಾತು.

ಚಿಕ್ಕಕ್ಕ ನಿಲ್ಲಿಸಿದಳು. ಪಿಸ್ಟನ್ನನ್ನು ಹೊರತೆಗೆದು ಸೀಲು ನೋಡಿದಳು. ಒಂದು ಬದಿ ಮಡಚಿಕೊಂಡಿತ್ತು. ಅವರು ಹೇಳಿದ್ದು ನಿಜ. ಸೀಲನ್ನು ಸರಿಮಾಡಿ, ಮತ್ತೆ ಆಯಿಲ್ ಸವರಿ, ಈ ಸಲ ನೇರವಾಗಿ ಒತ್ತಿದಳು. ಪಿಸ್ಟನ್ ಸದ್ದಿಲ್ಲದೆ ಒಳಗೆ ಜಾರಿತು. ಆಮೇಲೆ ಕೈ ಒರೆಸಿಕೊಂಡು ಎದ್ದುನಿಂತಳು.

"ಇಷ್ಟು ದೂರದಿಂದ ಇದು ಕಾಣುತ್ತೆ ನಿಮ್ಗೆ," ಎಂದಳು. "ಅವತ್ತು ಯಾಕೆ ಬಿಚ್ಚಲಿಲ್ಲ?"

"ಕಿಟ್ ಬಂದಿರಲಿಲ್ಲ. ಮಾರನೇ ದಿನ ನಿಂಗೆ ಗಾಡಿ ಬೇಕಿತ್ತು. ಬಂದ ಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ. ಆಮೇಲೆ ಕೆಲಸದ ಗಲಾಟೆಯಲ್ಲಿ ಮರೆತೇಹೋಯ್ತು."

"ಕಿಟ್ ಬಂದಿಲ್ಲ ಅಂತ ಹೇಳಬಹುದಿತ್ತು. ಬಣ್ಣ ಯಾಕೆ ಹಚ್ಚಿದ್ರಿ ಭಾವ?"

ಭಾವ ಹಳೆಯ ಪಿಸ್ಟನ್ನನ್ನು ಎತ್ತಿ ತಿರುಗಿಸತೊಡಗಿದರು. ಚಿಕ್ಕಕ್ಕ ಅದನ್ನೇ ಇನ್ನೊಮ್ಮೆ ಕೇಳಿದಳು. ಆಗ ಅವರ ಮುಖ ಕೆಂಪಾಯಿತು. "ಗಾಡಿ ಓಡಿಸ್ತಿದ್ದವಳು ನೀನು," ಎಂದರು. "ಎಳೀತಿದೆ ಅಂತ ಗೊತ್ತಿದ್ದೂ ಜನರನ್ನ ಕೂರಿಸ್ಕೊಂಡು ಹೋದೆಯಲ್ಲ. ನಂದೊಂದೇ ತಪ್ಪಾ?"

ಚಿಕ್ಕಕ್ಕ ಅಲ್ಲೇ ಇದ್ದ ಸ್ಪ್ಯಾನರನ್ನೋ ಏನನ್ನೋ ಎತ್ತಿ ಎಸೆಯುತ್ತಾಳೆ ಎಂದುಕೊಂಡೆ. ಅವಳು ಕದಲಲಿಲ್ಲ.

"ಹೌದು, ನಂದೂ ತಪ್ಪು," ಎಂದಳು. "ಅದನ್ನ ಟೇಲರ್ ಎದುರಿಗೆ ನಿಂತು ಹೇಳಿ ಬಂದಿದೀನಿ. ನಿಮ್ಮದನ್ನ ನೀವು ಹೋಗಿ ಹೇಳಿ. ನಂಗೆ ನಿಮ್ಮ ರಿಪೇರಿ ಬೇಡ."

ದೊಡ್ಡಕ್ಕ ಅಳತೊಡಗಿದಳು. ನಿನ್ನನ್ನು ಬೀದಿಯಲ್ಲಿ ಬಿಡದೆ ಕೈಹಿಡಿದು ನಡೆಸಿದವರಿಗೆ ಇದೇನಾ ಮರ್ಯಾದೆ ಎಂದು ಕೇಳಿದಳು. ಆ ಮಾತು ಚಿಕ್ಕಕ್ಕನಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಕೈಹಿಡಿದು ನಡೆಸಿದ್ದರಿಂದಲೇ ತಾನು ಬಿಚ್ಚಿ ನೋಡಲಿಲ್ಲ, ಅದಕ್ಕೇ ಇಷ್ಟು ಉರಿಯುತ್ತಿದೆ, ನಿನಗೆ ಅದೂ ಅರ್ಥವಾಗುವುದಿಲ್ಲವಾ ಅಕ್ಕ ಎಂದಳು. ಅವಳ ದನಿ ಏರಿದ್ದು ಅದೊಂದೇ ಸಲ. ಭಾವ ತಲೆ ತಗ್ಗಿಸಿಕೊಂಡು ಹೊರಟರು. ದೊಡ್ಡಕ್ಕ ಹಿಂದೆಯೇ ಹೋದಳು. ಅವರಿಗೆಂದು ಮಾಡಿದ ಚಹಾ ಅಡುಗೆಮನೆಯ ಕಟ್ಟೆಯ ಮೇಲೆಯೇ ಆರಿಹೋಯಿತು.

ಆಮೇಲೆ ಚಿಕ್ಕಕ್ಕ ಎಡಗಡೆಯದನ್ನೂ ಬಿಚ್ಚಿ ಹೊಸ ಸೀಲು ಹಾಕಿದಳು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇರಬಾರದಂತೆ. ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. ಅವಳು ಕೆಳಗಿನಿಂದ ಒತ್ತು ಅಂದಾಗ ಒತ್ತಬೇಕು, ಹಿಡಿ ಅಂದರೆ ಹಿಡಿಯಬೇಕು. ನಾನು ಒಮ್ಮೆ ಬೇಗ ಬಿಟ್ಟೆ, ಮತ್ತೆ ಮೊದಲಿನಿಂದ ಶುರು. ಬೈಸಿಕೊಂಡೆ. ಪೆಡಲ್ ಮೊದಲು ಸ್ಪಂಜಿನಂತೆ ಮೆತ್ತಗಿತ್ತು, ಬರಬರುತ್ತಾ ಕಾಲಿನಡಿ ಕಲ್ಲಿನಂತೆ ಗಟ್ಟಿಯಾಯಿತು. ನಂತರ ಇಬ್ಬರೂ ವ್ಯಾನು ಹತ್ತಿ, ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಹೋದೆವು. ಅವಳು ವೇಗ ಹೆಚ್ಚಿಸಿ ಬ್ರೇಕ್ ಒತ್ತಿದಳು. ವ್ಯಾನು ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ಮತ್ತೊಮ್ಮೆ ಮಾಡಿದಳು, ಈ ಸಲ ಸ್ಟೇರಿಂಗಿನಿಂದ ಕೈ ಎತ್ತಿ. ಆಗಲೂ ನೇರ.

ಅವಳಿಗೆ ಖುಷಿಯಾಗುತ್ತದೆ ಎಂದು ನಾನು ಅವಳ ಮುಖ ನೋಡಿದೆ. ಸ್ಟೇರಿಂಗನ್ನು ಅದುಮಿ ಹಿಡಿದಿದ್ದಳು.

"ಇಷ್ಟೇ ಕೆಲಸ ಕಣೋ," ಎಂದಳು. "ನಿಂಗೂ ಕಲಿಸಬಹುದು, ಅಷ್ಟು ಸುಲಭ. ಇಷ್ಟಕ್ಕೆ ಒಬ್ಬ ಮನುಷ್ಯನ ಕೈ ಹೋಯ್ತು."

ಎರಡು ಮನೆಗಳ ನಡುವೆ ಮಾತು ನಿಂತಿತು. ನೆಂಟರು ಒಬ್ಬೊಬ್ಬರಾಗಿ ಫೋನು ಮಾಡಿ ಬುದ್ಧಿ ಹೇಳಿದರು. ಭಾವ ದೊಡ್ಡವರು, ನೀನೇ ಒಂದು ಹೆಜ್ಜೆ ಹಿಂದೆ ಹೋಗು ಎಂದವರಿಗೆ ಚಿಕ್ಕಕ್ಕ, ವ್ಯಾನು ಹಿಂದೆ ತೆಗೆಯುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂದು ಫೋನಿಡುತ್ತಿದ್ದಳು. ಟೇಲರ್ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮತ್ತೆ ವ್ಯಾನಿನಲ್ಲಿ ಬರತೊಡಗಿದ್ದ. ನಳಿಕೆಗೆ ಒಮ್ಮೆ ಸೋಂಕು ತಗಲಿ ಚಳಿಜ್ವರ ಬಂದು ಮಲಗಿ ಎದ್ದಿದ್ದ. ಅಂಗಿಗಳ ತಮಾಷೆ ಕಡಿಮೆಯಾಗಿತ್ತು.

ಒಂದು ಬೆಳಿಗ್ಗೆ ಭಾವ ಒಬ್ಬರೇ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಟೇಲರ್ ಮನೆ ಎಲ್ಲಿ ಎಂದು ಕೇಳಿದರು. ಚಿಕ್ಕಕ್ಕ ವ್ಯಾನಿನ ಹಿಂದಿನ ಬಾಗಿಲು ತೆರೆದಳು. ನಾನೂ ಹತ್ತಿ ಕೂತೆ.

ಟೇಲರ್‌ದು ಒಂದೇ ಕೋಣೆ. ಕಿಟಕಿಯ ಬಳಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಆತ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಭಾವ ಬಾಗಿಲ ಹತ್ತಿರವೇ ನಿಂತು ಹೇಳಿದರು. ಬ್ರೇಕು ಬಿಚ್ಚಲಿಲ್ಲ, ಬಿಚ್ಚಿದೆ ಎಂದು ಸುಳ್ಳು ಹೇಳಿದೆ, ನೋಡಿದವರಿಗೆ ಹೊಸದಾಗಿ ಕಾಣಲಿ ಎಂದು ಬಣ್ಣ ಹಚ್ಚಿದೆ ಎಂದರು. ಕ್ಷಮಿಸಿ ಎಂದು ಕೈಮುಗಿದರು. ಮಾತು ತಡವರಿಸಿತು, ಆದರೆ ಏನನ್ನೂ ಬಿಡಲಿಲ್ಲ. ಇನ್ನೇನು ಟೇಲರ್ ಯಾವುದಾದರೂ ತಮಾಷೆ ಮಾಡಿ ಮುಗಿಸುತ್ತಾನೆ ಎಂದು ನಾನು ಕಾದೆ.

ಟೇಲರ್ ಹೊಲಿಗೆ ಯಂತ್ರದ ಕಡೆ ನೋಡಿದ. "ಹೊಲಿಗೆ ತಪ್ಪಿದ್ರೆ ನಾನು ಬಿಚ್ಚಿ ಮತ್ತೆ ಹೊಲೀತಿದ್ದೆ," ಎಂದ. "ಇಸ್ತ್ರಿ ಹಾಕಿ ಮುಚ್ಚಿ ಕೊಡ್ತಿರಲಿಲ್ಲ. ಬರೀ ಅಂಗಿಗೆ ಅಷ್ಟು ಹೆದರ್ತಿದ್ದೆ ನಾನು. ನೀವು ಹೋಗಿ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ ನಂಗೆ."

ಅವನಿಗೂ ಸಿಟ್ಟು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಭಾವ ಹೊರಗೆ ಹೋದರು. ವ್ಯಾನಿನ ಕಡೆ ನೋಡದೆ ನಡೆದುಕೊಂಡೇ ಹೊರಟರು. ಚಿಕ್ಕಕ್ಕ ಅವರನ್ನು ಕರೆಯಲಿಲ್ಲ. ಟೇಲರ್ ಎದುರು ನೆಲದ ಮೇಲೆ ಕೂತು, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ, ನನಗೂ ಸ್ವಲ್ಪ ಬೈ ಎಂದಳು. ಅವನು ಬೈದ. ತುಂಬ ಹೊತ್ತು ಬೈದ. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೊರಟರು, ಅವತ್ತು ಅವನ ಸರದಿ ಇತ್ತು.

ದೊಡ್ಡಕ್ಕ ಈಗ ಬಂದು ಹೋಗುತ್ತಾಳೆ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಮೊದಲಿನ ಹಾಗೆ ಪಿಸುಪಿಸು ಮಾತಾಡುತ್ತಾರೆ. ಭಾವ ಬಂದರೆ ಚಿಕ್ಕಕ್ಕ ನೀರು ಕೊಡುತ್ತಾಳೆ, ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅವರೂ ಅದನ್ನು ಬಯಸಿದಂತಿಲ್ಲ. ವ್ಯಾನಿನ ಕೆಲಸವನ್ನೆಲ್ಲ ಅವಳೇ ಹಿತ್ತಲಲ್ಲಿ ಮಾಡಿಕೊಳ್ಳುತ್ತಾಳೆ.

ಟೇಲರ್‌ಗೆ ಬಲಗೈಯಲ್ಲಿ ಹೊಸದಾಗಿ ರಕ್ತನಾಳ ಜೋಡಿಸಿದರು. ಅದು ಬಲಿತು ಸೂಜಿ ತಡೆಯುವಂತಾಗಲು ತಿಂಗಳುಗಳೇ ಹಿಡಿದವು. ಮೊನ್ನೆ ಆಸ್ಪತ್ರೆಯಲ್ಲಿ ಲಿಫ್ಟು ಕೆಟ್ಟುನಿಂತು ರೋಗಿಗಳೆಲ್ಲ ಮೆಟ್ಟಿಲು ಹತ್ತಬೇಕಾಯಿತಂತೆ. ನಾಳೆ ಸರಿಹೋಗುತ್ತದೆ ಎಂದು ಕೌಂಟರಿನವರು ವಾರದಿಂದ ಹೇಳುತ್ತಿದ್ದರಂತೆ. ಟೀಚರಮ್ಮ ಅರ್ಧ ಮೆಟ್ಟಿಲಲ್ಲಿ ಉಸಿರು ಸಿಕ್ಕದೆ ಕೂತುಬಿಟ್ಟಾಗ ಟೇಲರ್ ಸೀದಾ ಇಳಿದು ಮೇಲಧಿಕಾರಿಯ ಕೋಣೆಗೆ ನುಗ್ಗಿದ. ಹಿಂದೆಯೇ ಚಿಕ್ಕಕ್ಕ. ಲಿಫ್ಟಿನವನು ಬಂದು ಕೈಹಚ್ಚುವವರೆಗೆ ಇಬ್ಬರೂ ಅಲ್ಲಿಂದ ಕದಲಲಿಲ್ಲವಂತೆ. ಇದನ್ನು ನಮಗೆ ಹೇಳಿದವರು ಟೀಚರಮ್ಮ. ಒಬ್ಬರನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡುತ್ತಿದ್ದರು ಎಂದು ಹೇಳಿ ಅವರು ನಕ್ಕರು. ಚಿಕ್ಕಕ್ಕ ಮಾತ್ರ ನಗದೆ, ಇನ್ನೂ ಸಿಟ್ಟಿನಲ್ಲೇ, ನಮ್ಮ ಮನೆಯ ಕಿಟಕಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.